ಅನುದಾನದಲ್ಲಿ ಬರುವ ಪೊಲೀಸ್ ಡ್ರೋನ್: ಒಪ್ಪುವ ಮೊದಲು ಕೇಳಬೇಕಾದದ್ದು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಒಂದು ನಗರದಲ್ಲಿ ಹನ್ನೊಂದು ವರ್ಷಗಳಿಂದ ವಾಸವಾಗಿದ್ದೇವೆ. ನಮ್ಮ ಪೊಲೀಸ್ ಇಲಾಖೆಗೆ ಫೆಡರಲ್ ಸರ್ಕಾರದ ಅನುದಾನದಿಂದ ಡ್ರೋನ್‌ಗಳನ್ನು ಕೊಳ್ಳುವ ವಿಷಯ ಸದ್ಯದಲ್ಲೇ ಸಿಟಿ ಕೌನ್ಸಿಲ್ ಸಭೆಗೆ ಬರಲಿದೆ. ನಗರದ ಬೊಕ್ಕಸದಿಂದ ಒಂದು ಡಾಲರೂ ಹೋಗುವುದಿಲ್ಲವೆಂದು ಹೇಳುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಎರಡು ಬಾರಿ ಮನೆಗಳ್ಳತನವಾಗಿರುವುದರಿಂದ ನನ್ನ ಪತ್ನಿಗೆ ಇದು ಒಳ್ಳೆಯದೆಂದೇ ಅನಿಸಿದೆ. ಹಿತ್ತಿಲ ಮೇಲೆ ಪೊಲೀಸರ ಕ್ಯಾಮೆರಾ ಹಾರಾಡುವುದು ನನಗೆ ಸರಿಯೆನಿಸುತ್ತಿಲ್ಲ. ಸಭೆಗೆ ಹೋದರೆ ನಾವು ಏನನ್ನು ಕೇಳಬೇಕು?

ಉತ್ತರ: ನಿಮ್ಮ ಪತ್ನಿಯವರ ಆಸೆಯೂ ನಿಮ್ಮ ಅಳುಕೂ ಎರಡೂ ನ್ಯಾಯವಾದವು. ಒಂದೇ ಮನೆಯಲ್ಲಿ ಎರಡೂ ಇರುವುದು ನನಗೆ ಸಹಜವಾಗಿಯೇ ಕಾಣುತ್ತದೆ. ನನ್ನ ಚಿಂತೆ ಬೇರೆಯದು. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವ ಈ ಚರ್ಚೆ ಸಿಟಿ ಕೌನ್ಸಿಲಿನಲ್ಲಿ ಬಹಳಷ್ಟು ಸಲ ನಡೆಯುವುದೇ ಇಲ್ಲ, ಮತ್ತು ಅದನ್ನು ನಡೆಯದಂತೆ ಮಾಡುವುದು "ಅನುದಾನ" ಎಂಬ ಒಂದು ಪದ. ಸ್ಥಳೀಯ ಸಂಸ್ಥೆಗಳ ಅನುದಾನದ ಕಡತಗಳೊಂದಿಗೆ ಹಲವು ವರ್ಷ ಕೆಲಸ ಮಾಡಿದವನಾಗಿ ನಾನು ಕಂಡದ್ದು ಇಷ್ಟು: ನಗರದ ಸ್ವಂತ ಹಣದಿಂದ ಹತ್ತು ಸಾವಿರ ಡಾಲರಿನ ಒಂದು ಯಂತ್ರವನ್ನು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ಸದಸ್ಯರು, ಅದರ ಹತ್ತರಷ್ಟು ಬೆಲೆಯ ಯಂತ್ರ ಅನುದಾನದಲ್ಲಿ ಬರುತ್ತದೆಂದರೆ ಒಂದೂ ಪ್ರಶ್ನೆ ಕೇಳದೆ ಕೈಯೆತ್ತಿಬಿಡುತ್ತಾರೆ. ಕರ್ನಾಟಕದಲ್ಲಿ ಬೆಳೆದ ನಮಗೆ ಅನುದಾನಿತ ಶಾಲೆ ಎಂದರೆ ಏನೆಂದು ಗೊತ್ತಿದೆ. ಸರ್ಕಾರ ಸಂಬಳ ಕೊಡುತ್ತದೆ, ಜೊತೆಗೆ ತಪಾಸಣೆ, ಹಾಜರಿ ಪುಸ್ತಕ, ನೇಮಕಾತಿಯ ನಿಯಮ ಎಲ್ಲವೂ ಬರುತ್ತವೆ, ಅನುದಾನ ನಿಂತ ವರ್ಷ ಶಾಲೆಯ ಗತಿ ಏನೆಂಬ ಪ್ರಶ್ನೆಯೂ ಸದಾ ತಲೆಯ ಮೇಲಿರುತ್ತದೆ. ಡ್ರೋನಿನ ಅನುದಾನವನ್ನೂ ಅದೇ ಕಣ್ಣಿನಿಂದ ನೋಡಿದರೆ ಅರ್ಧ ಕೆಲಸ ಆದಂತೆ.

ಮೊದಲು ಹಣ ಬರುವ ದಾರಿಯನ್ನು ನೋಡೋಣ. ಪೊಲೀಸ್ ಡ್ರೋನ್‌ಗಳಿಗೆ ಹೆಚ್ಚಾಗಿ ಬಳಕೆಯಾಗಿರುವ ಫೆಡರಲ್ ಹಣವೆಂದರೆ ಹೋಮ್‌ಲ್ಯಾಂಡ್ ಸೆಕ್ಯುರಿಟಿ ಇಲಾಖೆಯ ಅನುದಾನಗಳು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ರೂಪುಗೊಂಡ ಈ ವ್ಯವಸ್ಥೆಯಲ್ಲಿ ರಾಜ್ಯಗಳಿಗೆ ಒಂದು ಬಾಬ್ತು ಇದೆ, ಹೆಚ್ಚು ಅಪಾಯವಿದೆಯೆಂದು ಗುರುತಿಸಿದ ಮಹಾನಗರ ಪ್ರದೇಶಗಳಿಗೆ ಯುಎಎಸ್‌ಐ ಎಂಬ ಮತ್ತೊಂದು ಬಾಬ್ತು ಇದೆ. ಹಣವು ಆ ಇಲಾಖೆಯ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೆಮಾದಿಂದ ಹೊರಟು, ರಾಜ್ಯದ ತುರ್ತು ಸೇವೆಗಳ ಕಚೇರಿಗೆ ಬಂದು, ಅಲ್ಲಿಂದ ಪ್ರಾದೇಶಿಕ ಮಂಡಳಿಯ ಮೂಲಕ ನಿಮ್ಮ ನಗರವನ್ನು ತಲುಪುತ್ತದೆ. ಈ ಹಣದ ಕನಿಷ್ಠ ಶೇ 80ರಷ್ಟನ್ನು ರಾಜ್ಯವು ಸ್ಥಳೀಯ ಸಂಸ್ಥೆಗಳಿಗೆ ದಾಟಿಸಲೇಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಹಣ ಮುಂಗಡವಾಗಿ ಕೈಗೆ ಬರುವುದಿಲ್ಲ. ನಗರವು ಮೊದಲು ತನ್ನ ಬೊಕ್ಕಸದಿಂದ ಬಿಲ್ಲು ಪಾವತಿಸಿ, ರಸೀದಿಗಳನ್ನು ಲಗತ್ತಿಸಿ ಮರುಪಾವತಿಗೆ ಅರ್ಜಿ ಹಾಕುತ್ತದೆ. ಖರೀದಿಯ ನಿಯಮ ಪಾಲಿಸಿಲ್ಲವೆಂದು ಲೆಕ್ಕ ತಪಾಸಣೆಯಲ್ಲಿ ಕಂಡುಬಂದರೆ ಆ ಮೊತ್ತ ನಗರದ ತಲೆಗೇ ಬರುತ್ತದೆ. ಆದ್ದರಿಂದ "ಒಂದು ಡಾಲರೂ ಹೋಗುವುದಿಲ್ಲ" ಎಂಬ ಮಾತು ಮೊದಲ ಹೆಜ್ಜೆಯಲ್ಲಿಯೇ ಪೂರ್ತಿ ನಿಜವಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಹಣವನ್ನು ಪಡೆಯಲು ಯೋಜನೆಗೆ ಭಯೋತ್ಪಾದನೆಯನ್ನು ಎದುರಿಸುವ ಸಿದ್ಧತೆಯೊಂದಿಗೆ ಸಂಬಂಧವಿದೆಯೆಂದು ಅರ್ಜಿಯಲ್ಲಿ ತೋರಿಸಬೇಕು. ಅದೇ ಉಪಕರಣವನ್ನು ಬೇರೆ ಕೆಲಸಗಳಿಗೂ ಬಳಸಲು ಅವಕಾಶವಿದೆ. ಹಾಗಾಗಿ ಅರ್ಜಿಯಲ್ಲಿ ಭಯೋತ್ಪಾದನೆ ಮತ್ತು ಮಹಾ ವಿಪತ್ತು, ಪತ್ರಿಕಾ ಹೇಳಿಕೆಯಲ್ಲಿ ಕಳೆದುಹೋದ ಮಕ್ಕಳು ಮತ್ತು ಭೂಕಂಪ, ದಿನನಿತ್ಯದ ಹಾರಾಟದಲ್ಲಿ ಅಂಗಡಿ ಕಳವು ಮತ್ತು ಗಲಾಟೆಯ ದೂರು, ಹೀಗೆ ಒಂದೇ ಯಂತ್ರಕ್ಕೆ ಮೂರು ಮುಖಗಳು ಮೂಡುತ್ತವೆ. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿದ್ದಾರೆಂದು ನಾನು ಆರೋಪಿಸುತ್ತಿಲ್ಲ, ಅನುದಾನದ ನಿಯಮವೇ ಅವರನ್ನು ಹಾಗೆ ಬರೆಯುವಂತೆ ಮಾಡುತ್ತದೆ. ಆದರೆ ಕೌನ್ಸಿಲ್ ಸದಸ್ಯರು ಒಪ್ಪಿಗೆ ಕೊಡುವುದು ಯಾವ ಮುಖಕ್ಕೆ ಎಂಬುದನ್ನು ನೀವು ಕೇಳಲೇಬೇಕು. ನಮ್ಮಲ್ಲಿ "ಊರಿಗೆ ಬಂದವಳು ನೀರಿಗೆ ಬಾರಳೇ" ಎನ್ನುತ್ತಾರಲ್ಲ, ಯಾವುದೋ ಒಂದು ಮಹಾ ವಿಪತ್ತಿಗೆಂದು ಬಂದ ಡ್ರೋನ್ ವರ್ಷದ ಉಳಿದ ದಿನಗಳಲ್ಲಿ ಪೆಟ್ಟಿಗೆಯೊಳಗೆ ಕುಳಿತಿರುವುದಿಲ್ಲ.

ನಿಮ್ಮದೇ ಕೌಂಟಿಯಲ್ಲಿ ಹಿಂದೆ ನಡೆದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. 2012ರ ಡಿಸೆಂಬರಿನಲ್ಲಿ ಅಲಮೀಡಾ ಕೌಂಟಿಯ ಆಡಳಿತ ಮಂಡಳಿಯ ಮುಂದೆ ಶೆರಿಫ್ ಕಚೇರಿಯಿಂದ, ಅಂದರೆ ಕೌಂಟಿಯ ಪೊಲೀಸ್ ಕಚೇರಿಯಿಂದ, ಒಂದು ವಿಷಯ ಬಂತು. ರಾಜ್ಯದ ತುರ್ತು ನಿರ್ವಹಣಾ ಸಂಸ್ಥೆಯ ಮೂಲಕ ಬರುವ ಸುಮಾರು 31 ಸಾವಿರ ಡಾಲರಿನ ಅನುದಾನವನ್ನು ಸ್ವೀಕರಿಸುವುದು, ಅದರೊಳಗೆ ಒಂದು ಡ್ರೋನ್. ನಾಗರಿಕ ಹಕ್ಕುಗಳ ಸಂಸ್ಥೆಗಳಾದ ಎಸಿಎಲ್‌ಯು ಮತ್ತು ಇಎಫ್‌ಎಫ್ ಇದನ್ನು ಗಮನಿಸಿ, ಇಂತಹ ನಿರ್ಧಾರ ಬಹಿರಂಗ ಚರ್ಚೆಯಿಲ್ಲದೆ ಆಗಕೂಡದೆಂದು ಎದ್ದುನಿಂತವು. ಶೋಧ ಮತ್ತು ರಕ್ಷಣೆಗೆಂದು ಬಹಿರಂಗವಾಗಿ ಹೇಳಲಾಗುತ್ತಿದ್ದ ಯಂತ್ರದ ಬಗ್ಗೆ ಕಚೇರಿಯ ದಾಖಲೆಗಳಲ್ಲಿ ಅನುಮಾನಾಸ್ಪದ ವ್ಯಕ್ತಿಗಳ ಮೇಲಿನ ನಿಗಾ ಮತ್ತು ದೊಡ್ಡ ಗುಂಪುಗಳ ನಿಯಂತ್ರಣದಂತಹ ಉಪಯೋಗಗಳೂ ಇದ್ದವು. 2013ರ ಫೆಬ್ರವರಿಯಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು, ಅನುದಾನದ ಡ್ರೋನ್ ಬರಲಿಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರ ಕೊನೆಗೆ ಅದೇ ಶೆರಿಫ್ ಕಚೇರಿಯು ತನ್ನ ಆಯವ್ಯಯದಿಂದ ಸುಮಾರು 97 ಸಾವಿರ ಡಾಲರಿಗೆ ಎರಡು ಡ್ರೋನ್‌ಗಳನ್ನು ಕೊಂಡಿರುವುದಾಗಿ ಪ್ರಕಟಿಸಿತು. ಅನುದಾನವನ್ನು ತಡೆದ ಮಾತ್ರಕ್ಕೆ ಡ್ರೋನ್ ತಡೆದಂತಾಗುವುದಿಲ್ಲ, ಬಳಕೆಯ ನಿಯಮವನ್ನು ಗಟ್ಟಿಮಾಡಿಕೊಳ್ಳದಿದ್ದರೆ ಅದು ಇನ್ನೊಂದು ಬಾಗಿಲಿನಿಂದ ಬರುತ್ತದೆ ಎಂಬುದನ್ನು ವಿರೋಧಿಸಿದವರು ಆಗ ಕಲಿತರು.

ಸಿಯಾಟಲ್ ನಗರದ ಅನುಭವ ಇದಕ್ಕಿಂತ ಕಹಿಯಾದದ್ದು. ಅಲ್ಲಿನ ಪೊಲೀಸ್ ಇಲಾಖೆಯು 2010ರಲ್ಲಿ ಯುಎಎಸ್‌ಐ ಅನುದಾನದಿಂದ ಎರಡು ಡ್ರ್ಯಾಗನ್‌ಫ್ಲೈಯರ್ ಡ್ರೋನ್‌ಗಳನ್ನು ಕೊಂಡಿತು. ಇದು ಊರಿಗೆ ತಿಳಿದದ್ದು 2012ರಲ್ಲಿ. ಡ್ರೋನ್ ಹಾರಿಸಲು ಅನುಮತಿ ಪಡೆದ ಸಂಸ್ಥೆಗಳ ಪಟ್ಟಿಯನ್ನು ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಎಫ್‌ಎಎ ಮಾಹಿತಿ ಹಕ್ಕಿನ ಮೊಕದ್ದಮೆಯೊಂದರಿಂದಾಗಿ ಬಿಡುಗಡೆ ಮಾಡಬೇಕಾಗಿ ಬಂದಾಗ, ಅದರಲ್ಲಿ ಸಿಯಾಟಲ್ ಪೊಲೀಸರ ಹೆಸರಿತ್ತು. ತಮ್ಮ ನಗರದ ಬಳಿ ಡ್ರೋನ್ ಇದೆಯೆಂಬುದು ಕೌನ್ಸಿಲಿಗೂ ಆ ಮೂಲಕವೇ ತಿಳಿದುಬಂತು. ಮುಂದಿನ ತಿಂಗಳುಗಳಲ್ಲಿ ಇಲಾಖೆಯವರು ಜನರೆದುರು ಸಭೆ ನಡೆಸಿ ವಿವರಿಸಲು ಹೊರಟಾಗ ಕೂಗಾಟ ಕೇಳಬೇಕಾಯಿತು. 2013ರ ಫೆಬ್ರವರಿ 7ರಂದು ಮೇಯರ್ ಮೈಕ್ ಮೆಕ್‌ಗಿನ್ ಇಡೀ ಕಾರ್ಯಕ್ರಮವನ್ನು ನಿಲ್ಲಿಸಿದರು. 2014ರಲ್ಲಿ ಆ ಎರಡೂ ಡ್ರೋನ್‌ಗಳನ್ನು ಲಾಸ್ ಏಂಜಲೀಸ್ ಪೊಲೀಸರಿಗೆ ಕೊಟ್ಟುಬಿಟ್ಟರು, ಅಲ್ಲಿಯೂ ವಿವಾದವೆದ್ದು ಅವು ಹಾರಲಿಲ್ಲ. ಆ ಡ್ರೋನ್‌ಗಳು ಇವತ್ತಿನವುಗಳ ಮುಂದೆ ಬಹಳ ಸಣ್ಣ ಸಾಮರ್ಥ್ಯದವು, ಕೆಲವೇ ನಿಮಿಷ ಹಾರುವಂಥವು. ಅವುಗಳಿಂದ ಯಾರ ಖಾಸಗಿತನಕ್ಕೂ ಧಕ್ಕೆಯಾದ ಉದಾಹರಣೆ ಇರಲಿಲ್ಲ. ಮೊದಲು ಕೊಂಡು ನಂತರ ಕೇಳಿದರೆಂಬುದೇ ಜನರ ಸಿಟ್ಟಿಗೆ ಕಾರಣವಾಯಿತು. ನಿಮ್ಮ ಪತ್ನಿಯವರಂತೆ ಡ್ರೋನ್ ಬೇಕೆನ್ನುವವರು ಈ ಪ್ರಸಂಗವನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ನಿಯಮವಿಲ್ಲದೆ ಬಂದ ಡ್ರೋನಿನಿಂದ ಕೊನೆಗೆ ಉಪಯೋಗವೂ ಸಿಗಲಿಲ್ಲ.

ನಿಮ್ಮ ಅದೃಷ್ಟಕ್ಕೆ, ಸಿಯಾಟಲ್‌ನಲ್ಲಿ ಆದದ್ದು ಇವತ್ತಿನ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾಗಿ ಆಗುವಂತಿಲ್ಲ. 2021ರಲ್ಲಿ ಅಂಗೀಕಾರವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ಎಬಿ 481 ಎಂಬ ಶಾಸನವು ಪೊಲೀಸರ "ಮಿಲಿಟರಿ ಉಪಕರಣ"ಗಳನ್ನು ಪಟ್ಟಿ ಮಾಡುತ್ತದೆ, ಮತ್ತು ಆ ಪಟ್ಟಿಯ ಮೊದಲ ಸಾಲಿನಲ್ಲಿಯೇ ದೂರದಿಂದ ನಿಯಂತ್ರಿಸುವ ಮಾನವರಹಿತ ವಾಹನಗಳು, ಅಂದರೆ ಡ್ರೋನ್‌ಗಳು, ಇವೆ. ಅದರಲ್ಲಿ ಆಯುಧ ಇರಬೇಕೆಂದೇನೂ ಇಲ್ಲ. ಈ ಶಾಸನದ ಪ್ರಕಾರ ಉಪಕರಣವನ್ನು ಕೊಳ್ಳುವ ಮೊದಲು ಮಾತ್ರವಲ್ಲ, ಅದಕ್ಕಾಗಿ ಹಣ ಕೋರುವ ಮೊದಲೇ, ಅಂದರೆ ಅನುದಾನಕ್ಕೆ ಅರ್ಜಿ ಹಾಕುವ ಮೊದಲೇ, ಬಹಿರಂಗ ಸಭೆಯಲ್ಲಿ ಸಿಟಿ ಕೌನ್ಸಿಲಿನ ಒಪ್ಪಿಗೆ ಪಡೆಯಬೇಕು. ಬಳಕೆಯ ನೀತಿಯ ಕರಡನ್ನು ಸಭೆಗೆ ಕನಿಷ್ಠ 30 ದಿನ ಮೊದಲು ಇಲಾಖೆಯ ಜಾಲತಾಣದಲ್ಲಿ ಹಾಕಬೇಕು. ಈ ಉಪಕರಣಕ್ಕೆ ಬೇರೆ ಸಮಂಜಸ ಪರ್ಯಾಯವಿಲ್ಲ, ನೀತಿಯು ಜನರ ಸುರಕ್ಷತೆಯನ್ನೂ ನಾಗರಿಕ ಹಕ್ಕುಗಳನ್ನೂ ಕಾಪಾಡುತ್ತದೆ, ಬೆಲೆ ಸಮಂಜಸವಾಗಿದೆ ಎಂದು ಕೌನ್ಸಿಲಿಗೆ ಮನವರಿಕೆಯಾದರೆ ಮಾತ್ರ ಒಪ್ಪಿಗೆ ಕೊಡಬಹುದು.

ಆದ್ದರಿಂದ ನೀವು ಎತ್ತಬೇಕಾದ ಮೊದಲ ಪ್ರಶ್ನೆ ದಿನಾಂಕದ್ದು. ಅನುದಾನದ ಅರ್ಜಿಗೆ ಸಹಿ ಬಿದ್ದದ್ದು ಯಾವಾಗ? ಡ್ರೋನ್ ನೀತಿಗೆ ಕೌನ್ಸಿಲ್ ಒಪ್ಪಿಗೆ ಕೊಟ್ಟದ್ದು ಯಾವಾಗ? ಹಲವು ನಗರಗಳಲ್ಲಿ ಮೊದಲೇ ಒಂದು ಸಾಮಾನ್ಯ ನೀತಿಯನ್ನು ಅಂಗೀಕರಿಸಿರುತ್ತಾರೆ, ಆಗ ಅದರಲ್ಲಿ ಈ ಮಾದರಿಯ, ಇಷ್ಟು ಸಂಖ್ಯೆಯ ಡ್ರೋನ್‌ಗಳ ವಿವರವಿದೆಯೇ ಎಂದು ನೋಡಬೇಕು. ಎರಡು ಡ್ರೋನ್‌ಗಳಿಗೆ ಬರೆದ ನೀತಿ, ಕಟ್ಟಡದ ಚಾವಣಿಯಿಂದ ತಾನಾಗಿಯೇ ಮೇಲೇಳುವ ಡ್ರೋನ್‌ಗಳ ಸಾಲಿಗೆ ಸಾಲದು.

ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಎಲ್ಲಿ ಕುಳಿತಿರುತ್ತದೆಂಬುದನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೊಸಬರು ತಪ್ಪುವುದು ಅಲ್ಲಿಯೇ. "ಕನ್ಸೆಂಟ್ ಕ್ಯಾಲೆಂಡರ್" ಎಂಬ ಭಾಗದಲ್ಲಿ ಚರ್ಚೆ ಬೇಡವೆಂದು ಭಾವಿಸಿದ ಇಪ್ಪತ್ತು ಮೂವತ್ತು ವಿಷಯಗಳನ್ನು ಒಟ್ಟುಗೂಡಿಸಿ ಒಂದೇ ಮತದಲ್ಲಿ ಮುಗಿಸುತ್ತಾರೆ. ಹಿಂದಿನ ಸಭೆಯ ನಡಾವಳಿ, ಪಾದಚಾರಿ ರಸ್ತೆಯ ದುರಸ್ತಿಯ ಗುತ್ತಿಗೆ, ಗ್ರಂಥಾಲಯದ ಹವಾನಿಯಂತ್ರಣದ ಬಿಲ್ಲು, ಇವುಗಳ ನಡುವೆ ಒಂದು ಸಾಲು ಇರುತ್ತದೆ: ಇಂತಿಂಥ ವರ್ಷದ ಅನುದಾನವನ್ನು ಸ್ವೀಕರಿಸಲು, ಆಯವ್ಯಯವನ್ನು ತಿದ್ದುಪಡಿ ಮಾಡಲು ಮತ್ತು ಒಪ್ಪಂದಕ್ಕೆ ಸಹಿ ಹಾಕಲು ಸಿಟಿ ಮ್ಯಾನೇಜರ್ ಅವರಿಗೆ ಅಧಿಕಾರ ನೀಡುವುದು. ಡ್ರೋನ್ ಎಂಬ ಪದ ಆ ಸಾಲಿನಲ್ಲಿ ಇಲ್ಲದೆಯೂ ಇರಬಹುದು, ಲಗತ್ತಿಸಿದ ವರದಿಯ ನಾಲ್ಕನೆಯ ಪುಟದ ಕೋಷ್ಟಕದಲ್ಲಿ "ಮಾನವರಹಿತ ವಿಮಾನ ವ್ಯವಸ್ಥೆ" ಎಂದು ಇರಬಹುದು. ರಾಜ್ಯದ ಬಹಿರಂಗ ಸಭೆಗಳ ಕಾಯ್ದೆಯಾದ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲು ಪ್ರಕಟಿಸಲೇಬೇಕು, ಪ್ರತಿಯೊಂದು ವಿಷಯದ ಮೇಲೂ ಮಾತನಾಡಲು ಸಾರ್ವಜನಿಕರಿಗೆ ಅವಕಾಶವಿದೆ. ಒಬ್ಬ ಸದಸ್ಯರು ಕೇಳಿದರೂ ಆ ವಿಷಯವನ್ನು ಗುಂಪಿನಿಂದ ಹೊರತೆಗೆದು ಪ್ರತ್ಯೇಕವಾಗಿ ಚರ್ಚಿಸುವುದು ರೂಢಿ. ಆದ್ದರಿಂದ ಸಭೆಯ ದಿನ ಮೈಕಿನ ಮುಂದೆ ಎರಡು ನಿಮಿಷ ಮಾತನಾಡುವುದಕ್ಕಿಂತಲೂ, ನಿಮ್ಮ ವಾರ್ಡಿನ ಸದಸ್ಯರಿಗೆ ಮೊದಲೇ ಒಂದು ಪತ್ರ ಬರೆದು "ದಯವಿಟ್ಟು ಇದನ್ನು ಪ್ರತ್ಯೇಕ ಚರ್ಚೆಗೆ ತೆಗೆದುಕೊಳ್ಳಿ" ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಈಗ ವೆಚ್ಚದ ವಿಷಯ. ಕೆಲವು ವರ್ಷಗಳ ಹಿಂದೆ ಒಂದು ಇಲಾಖೆಯ ಉಗ್ರಾಣದಲ್ಲಿ ಅನುದಾನದ ಸಾಮಗ್ರಿಗಳ ಎಣಿಕೆಗೆ ಹೋಗಿದ್ದೆ. ಫೆಡರಲ್ ನಿಯಮದಂತೆ ಅನುದಾನದಲ್ಲಿ ಕೊಂಡ ಉಪಕರಣಗಳನ್ನು ಎರಡು ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಕಂಡು ಲೆಕ್ಕ ಹಾಕಬೇಕು. ಉಕ್ಕಿನ ಕಪಾಟಿನ ಕೆಳಗಿನ ಹಲಗೆಯಲ್ಲಿ ಕಪ್ಪು ಪೆಟ್ಟಿಗೆಯೊಂದಿತ್ತು, ಮೇಲೆ ಅನುದಾನದ ಸಂಖ್ಯೆಯ ಚೀಟಿ ಅಂಟಿಸಿದ್ದರು. ತೆರೆದಾಗ ಡ್ರೋನ್ ಹೊಸದರಂತೆಯೇ ಇತ್ತು, ರೆಕ್ಕೆಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಪಕ್ಕದ ಸ್ಪಂಜಿನ ಗುಳಿಗಳಲ್ಲಿದ್ದ ನಾಲ್ಕು ಬ್ಯಾಟರಿಗಳ ಪೈಕಿ ಮೂರು ಪೂರಿಯಂತೆ ಉಬ್ಬಿದ್ದವು. ಹಾರಿಸಲು ತರಬೇತಿ ಪಡೆದಿದ್ದ ಅಧಿಕಾರಿಯೊಬ್ಬರು ಬೇರೆ ಊರಿಗೆ ಹೋಗಿದ್ದರು, ಇನ್ನೊಬ್ಬರಿಗೆ ಬಡ್ತಿಯಾಗಿತ್ತು. ತಂತ್ರಾಂಶದ ಪರವಾನಗಿ ಮುಗಿದು ಒಂದು ವರ್ಷವಾಗಿತ್ತು, ನವೀಕರಣಕ್ಕೆ ಯಾರ ಆಯವ್ಯಯದಲ್ಲಿಯೂ ಹಣ ಇರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು: ಒಂದು ಡ್ರೋನ್, ಸ್ಥಿತಿ ಉತ್ತಮ.

ಅನುದಾನವು ಕೊಳ್ಳುವ ವರ್ಷದ ಹಣ, ಡ್ರೋನ್ ಬದುಕುವುದು ಆಮೇಲಿನ ವರ್ಷಗಳಲ್ಲಿ. ಒಂದು ಬ್ಯಾಟರಿಯಲ್ಲಿ ಸುಮಾರು ಅರ್ಧ ಗಂಟೆ ಹಾರುವ ಯಂತ್ರಕ್ಕೆ ಬ್ಯಾಟರಿಗಳ ಸರಣಿಯೇ ಬೇಕು, ಅವು ಸವೆಯುತ್ತವೆ. ಎಫ್‌ಎಎ ಪರವಾನಗಿ ಪಡೆದ ಹಾರಾಟಗಾರರು ಬೇಕು, ಅವರ ತರಬೇತಿಯ ಗಂಟೆಗಳಿಗೆ ಮತ್ತು ಓವರ್‌ಟೈಮಿಗೆ ಸಂಬಳ ಬೇಕು. ವಿಡಿಯೊ ಸಂಗ್ರಹಕ್ಕೆ ಕ್ಲೌಡ್ ಬಾಡಿಗೆ ಬೇಕು, ಮಾಹಿತಿ ಕೇಳಿ ಬರುವ ಅರ್ಜಿಗಳಿಗೆ ಮುಖಗಳನ್ನು ಮಸುಕುಗೊಳಿಸಿ ಪ್ರತಿ ಕೊಡುವ ಸಿಬ್ಬಂದಿ ಬೇಕು. ಈಚೆಗೆ ಅನೇಕ ಕಂಪನಿಗಳು ಡ್ರೋನನ್ನು ವಸ್ತುವಾಗಿ ಮಾರುವ ಬದಲು ವರ್ಷಕ್ಕಿಷ್ಟೆಂದು ಚಂದಾ ರೂಪದಲ್ಲಿ ಕೊಡುತ್ತಿವೆ. ಅಂಥ ಒಪ್ಪಂದದಲ್ಲಿ ಅನುದಾನ ಮುಗಿದ ಮರುವರ್ಷವೇ ಇಡೀ ಮೊತ್ತ ನಗರದ ಸಾಮಾನ್ಯ ನಿಧಿಯ ಮೇಲೆ ಬೀಳುತ್ತದೆ. ಎಬಿ 481ರಲ್ಲಿ ಇದಕ್ಕೆ ಉತ್ತಮ ಆಸರೆಯಿದೆ. ಖರೀದಿ, ಸಿಬ್ಬಂದಿ, ತರಬೇತಿ, ನಿರ್ವಹಣೆ, ಸಂಗ್ರಹ, ಉನ್ನತೀಕರಣ ಎಲ್ಲವೂ ಸೇರಿದ ಒಟ್ಟು ವಾರ್ಷಿಕ ವೆಚ್ಚವನ್ನೂ, ಮುಂದಿನ ವರ್ಷ ಆ ಹಣ ಎಲ್ಲಿಂದ ಬರುತ್ತದೆಂಬುದನ್ನೂ ಇಲಾಖೆಯು ಪ್ರತಿ ವರ್ಷ ವರದಿಯಲ್ಲಿ ಬರೆದು ಪ್ರಕಟಿಸಬೇಕು. ನಿಮ್ಮ ನಗರದ ಹಿಂದಿನ ವರದಿಗಳನ್ನು ಇವತ್ತೇ ತೆಗೆದು ನೋಡಿ. ಸಿಬ್ಬಂದಿ ವೆಚ್ಚದ ಜಾಗದಲ್ಲಿ ಸೊನ್ನೆ ಅಥವಾ ಖಾಲಿ ಇದ್ದರೆ ಕೇಳಬೇಕಾದ ಪ್ರಶ್ನೆ ನಿಮಗೆ ಅಲ್ಲಿಯೇ ಸಿಕ್ಕಿತು.

ಯಾವ ದೇಶದ ಡ್ರೋನ್ ಎಂಬುದೂ ವೆಚ್ಚವನ್ನು ನಿರ್ಧರಿಸುತ್ತದೆ. ಅಮೆರಿಕದ ಪೊಲೀಸರು ಬಹುಕಾಲ ಹೆಚ್ಚಾಗಿ ಬಳಸಿದ್ದು ಚೀನಾದ ಡಿಜೆಐ ಕಂಪನಿಯ ಡ್ರೋನ್‌ಗಳನ್ನು, ಅವು ಅಗ್ಗ ಮತ್ತು ಚೆನ್ನಾಗಿ ಕೆಲಸ ಮಾಡುತ್ತವೆಂಬ ಕಾರಣಕ್ಕೆ. 2023ರ ಡಿಸೆಂಬರ್ 22ರಂದು ರಕ್ಷಣಾ ಆಯವ್ಯಯ ಶಾಸನದ ಭಾಗವಾಗಿ ಕಾನೂನಾದ ಅಮೆರಿಕನ್ ಸೆಕ್ಯುರಿಟಿ ಡ್ರೋನ್ ಆ್ಯಕ್ಟ್ ಪ್ರಕಾರ, ಎರಡು ವರ್ಷದ ಗಡುವಿನ ನಂತರ, ಅಂದರೆ 2025ರ ಡಿಸೆಂಬರ್ 22ರಿಂದ, ಅಂಥ ನಿಷೇಧಿತ ಮೂಲದ ಡ್ರೋನ್‌ಗಳನ್ನು ಕೊಳ್ಳಲು ಮಾತ್ರವಲ್ಲ, ಹಾರಿಸಲೂ ಫೆಡರಲ್ ಅನುದಾನವನ್ನು ಬಳಸುವಂತಿಲ್ಲ, ವಿನಾಯಿತಿಗಳು ಕೆಲವೇ. ನಗರದ ಬಳಿ ಈಗಾಗಲೇ ಡಿಜೆಐ ಡ್ರೋನ್‌ಗಳಿದ್ದರೆ ಅವುಗಳ ಬ್ಯಾಟರಿಗೂ ತರಬೇತಿಗೂ ಈ ಹಣ ಸಲ್ಲುವುದಿಲ್ಲವೆಂದೇ ತಿಳಿಯಬೇಕು. ಇಂಥ ಬದಲಾವಣೆಯ ಹೊರೆ ಎಷ್ಟೆಂದು ಫ್ಲಾರಿಡಾ ಮೊದಲೇ ಕಂಡಿತ್ತು. ತಾನು ಒಪ್ಪಿದ ತಯಾರಕರ ಪಟ್ಟಿಯಲ್ಲಿಲ್ಲದ ಡ್ರೋನ್‌ಗಳನ್ನು 2023ರ ಆರಂಭದೊಳಗೆ ಕೈಬಿಡಬೇಕೆಂದು ಆ ರಾಜ್ಯ ಆದೇಶಿಸಿದಾಗ ಸ್ಥಳೀಯ ಪೊಲೀಸರು ಚೆನ್ನಾಗಿದ್ದ ಯಂತ್ರಗಳನ್ನೇ ಮೂಲೆಗೆ ಸೇರಿಸಬೇಕಾಯಿತು, ಬದಲಿ ಡ್ರೋನ್‌ಗಳಿಗಾಗಿ ಶಾಸನಸಭೆ 2.5 ಕೋಟಿ ಡಾಲರ್‌ಗಳ ಹೊಸ ಅನುದಾನವನ್ನು ತೆಗೆದಿರಿಸಬೇಕಾಯಿತು.

ಇನ್ನು ನಿಮ್ಮ ಹಿತ್ತಿಲ ಪ್ರಶ್ನೆ. ಇದರ ಉತ್ತರ ನಿಮಗೆ ಸಮಾಧಾನ ತರಲಾರದು. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಸಿರಾವೊಲೊ ಪ್ರಕರಣ ನಡೆದದ್ದು ನಿಮ್ಮಿಂದ ಅರ್ಧ ಗಂಟೆ ದೂರದ ಸಾಂತಾ ಕ್ಲಾರಾದಲ್ಲಿ. ಮನೆಯವನು ಹಿತ್ತಿಲಿನ ಸುತ್ತ ಹತ್ತು ಅಡಿಯ ಬೇಲಿ ಕಟ್ಟಿದ್ದ. ಪೊಲೀಸರು ವಾರಂಟ್ ಇಲ್ಲದೆ ಚಿಕ್ಕ ವಿಮಾನದಲ್ಲಿ ಸಾವಿರ ಅಡಿ ಮೇಲಿನಿಂದ ನೋಡಿ, ಅಲ್ಲಿ ಗಾಂಜಾ ಗಿಡಗಳಿರುವುದನ್ನು ಕಂಡರು. ಸಾರ್ವಜನಿಕ ಆಕಾಶದಿಂದ ಬರಿಗಣ್ಣಿಗೆ ಕಾಣುವುದನ್ನು ನೋಡಲು ವಾರಂಟ್ ಬೇಕಿಲ್ಲವೆಂದು ಕೋರ್ಟ್ 5-4ರ ಬಹುಮತದಿಂದ ಹೇಳಿತು. 1989ರ ರೈಲಿ ಪ್ರಕರಣದಲ್ಲಿ ಅದೇ ತತ್ವ 400 ಅಡಿ ಎತ್ತರದ ಹೆಲಿಕಾಪ್ಟರಿಗೂ ಅನ್ವಯವಾಯಿತು, ಇವತ್ತು ಸಣ್ಣ ಡ್ರೋನ್‌ಗಳಿಗೆ ಎಫ್‌ಎಎ ವಿಧಿಸಿರುವ ಸಾಮಾನ್ಯ ಎತ್ತರದ ಮಿತಿಯೂ 400 ಅಡಿಯೇ. 2001ರಲ್ಲಿ, ಗೋಡೆಯಾಚೆಯ ಶಾಖವನ್ನು ಅಳೆಯುವ ಥರ್ಮಲ್ ಕ್ಯಾಮೆರಾವನ್ನು ಮನೆಯ ಕಡೆ ತಿರುಗಿಸಿದರೆ ವಾರಂಟ್ ಬೇಕೆಂದು ಅದೇ ನ್ಯಾಯಾಲಯ ಹೇಳಿರುವುದು ನಿಮ್ಮ ಪರವಾದ ಗಟ್ಟಿ ಮಾತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಪೊಲೀಸ್ ಡ್ರೋನಿಗೆ ವಾರಂಟ್ ಕಡ್ಡಾಯ ಮಾಡುವ ಎಬಿ 1327 ಮಸೂದೆಯನ್ನು 2014ರಲ್ಲಿ ಶಾಸನಸಭೆ ಅಂಗೀಕರಿಸಿದರೂ ಅಂದಿನ ಗವರ್ನರ್ ಜೆರ್ರಿ ಬ್ರೌನ್ ಅದಕ್ಕೆ ಸಹಿ ಹಾಕದೆ ವೀಟೊ ಮಾಡಿದರು. ಫ್ಲಾರಿಡಾ, ಇಲಿನಾಯ್, ವರ್ಜೀನಿಯಾದಂಥ ರಾಜ್ಯಗಳಲ್ಲಿರುವ ನಿರ್ಬಂಧ ಇಲ್ಲಿ ಇಲ್ಲ. ಅಂದರೆ ನಿಮ್ಮ ಹಿತ್ತಿಲಿಗೂ ಡ್ರೋನಿಗೂ ನಡುವೆ ಸದ್ಯಕ್ಕೆ ಇರುವ ಮುಖ್ಯ ಬೇಲಿಯೆಂದರೆ ನಿಮ್ಮ ಸಿಟಿ ಕೌನ್ಸಿಲ್ ಅಂಗೀಕರಿಸುವ ಆ ಬಳಕೆಯ ನೀತಿಯೇ.

ಫೆಡರಲ್ ಹಣದೊಂದಿಗೆ ಫೆಡರಲ್ ಕಾವಲೂ ಬರುತ್ತದಲ್ಲವೇ ಎಂದು ನೀವು ಕೇಳಬಹುದು. 2015ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮ ಅವರು ಹೊರಡಿಸಿದ ಜ್ಞಾಪನಾಪತ್ರವು, ಡ್ರೋನಿಗಾಗಿ ಫೆಡರಲ್ ಅನುದಾನ ಪಡೆಯುವ ಸ್ಥಳೀಯ ಸಂಸ್ಥೆಗಳು ಹಣ ಖರ್ಚು ಮಾಡುವ ಮೊದಲೇ ಖಾಸಗಿತನ ಮತ್ತು ನಾಗರಿಕ ಹಕ್ಕುಗಳ ರಕ್ಷಣೆಗೆ ನೀತಿಯನ್ನು ಹೊಂದಿರಬೇಕೆಂದು ಹೇಳಿತು. ನೀತಿ ಇರಬೇಕೆಂದಿತೇ ಹೊರತು ಅದು ಎಷ್ಟು ಬಿಗಿಯಾಗಿರಬೇಕೆಂದು ವಿವರಿಸಲಿಲ್ಲ. ಪೊಲೀಸ್ ಉಪಕರಣಗಳ ಮೇಲಿನ ನಿಯಂತ್ರಣದ ಕಥೆಯಂತೂ ಇನ್ನೂ ಅಸ್ಥಿರ. ಅದರ ಬಗ್ಗೆ 2015ರಲ್ಲಿ ಒಬಾಮ ತಂದ ಬೇರೊಂದು ಆದೇಶವನ್ನು 2017ರಲ್ಲಿ ಟ್ರಂಪ್ ರದ್ದುಪಡಿಸಿದರು, 2022ರ ಮೇ ತಿಂಗಳಲ್ಲಿ ಬೈಡನ್ ಇನ್ನೊಂದು ಆದೇಶ ತಂದರು, 2025ರ ಜನವರಿ 20ರಂದು ಅದೂ ರದ್ದಾಯಿತು. ಹತ್ತು ವರ್ಷದಲ್ಲಿ ನಾಲ್ಕು ಸಲ ತಿರುಗಿದ ಗಾಳಿಯನ್ನು ನಂಬಿ ಮನೆಯ ಕಿಟಕಿಯನ್ನು ತೆರೆದಿಡುವುದು ಬುದ್ಧಿವಂತಿಕೆಯಲ್ಲ. ಊರಿನ ನಿಯಮವನ್ನು ಊರಿನವರೇ ಬರೆದುಕೊಳ್ಳಬೇಕು.

ಆ ನೀತಿಯಲ್ಲಿ ಏನಿರಬೇಕೆಂಬುದಕ್ಕೆ ದಕ್ಷಿಣ ಕ್ಯಾಲಿಫೋರ್ನಿಯಾದ ಚೂಲಾ ವಿಸ್ಟಾ ನಗರ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಪಾಠ. 2018ರ ಅಕ್ಟೋಬರಿನಲ್ಲಿ ಅಲ್ಲಿ 911 ತುರ್ತು ಕರೆ ಬಂದ ಕೂಡಲೇ ಪೊಲೀಸ್ ಕಾರಿಗಿಂತ ಮೊದಲು ಡ್ರೋನನ್ನು ಕಳಿಸುವ ಕ್ರಮ ಶುರುವಾಯಿತು, ದೇಶದಲ್ಲಿಯೇ ಅದು ಮೊದಲನೆಯದು. ಕರೆಯಲ್ಲಿ ಬಂದೂಕೆಂದು ಹೇಳಿದ್ದು ನಿಜಕ್ಕೂ ಏನೆಂದು ಮೇಲಿನಿಂದ ಮೊದಲೇ ಕಂಡರೆ ಪೊಲೀಸರು ಅನಾವಶ್ಯಕವಾಗಿ ಗುಂಡು ಹಾರಿಸುವ ಸಂಭವ ಕಡಿಮೆಯಾಗುತ್ತದೆಂಬ ವಾದದಲ್ಲಿ ಹುರುಳಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಪ್ರತಿ ಹಾರಾಟದ ಸಮಯ, ಕಾರಣ ಮತ್ತು ಮಾರ್ಗವನ್ನು ಆ ನಗರ ಅಂತರ್ಜಾಲದಲ್ಲಿ ಪ್ರಕಟಿಸುತ್ತದೆ, ಇದನ್ನು ನಿಮ್ಮ ನಗರವೂ ಅನುಸರಿಸಲೇಬೇಕು. ಆದರೆ ಸ್ಥಳೀಯ ಪತ್ರಿಕೆಯೊಂದರ ಪ್ರಕಾಶಕರು 2021ರ ಒಂದು ತಿಂಗಳ ವಿಡಿಯೊಗಳನ್ನು ಕೇಳಿದಾಗ ನಗರ ಎಲ್ಲವನ್ನೂ ತನಿಖೆಯ ದಾಖಲೆಯೆಂದು ಹೇಳಿ ನಿರಾಕರಿಸಿತು. ಎಲ್ಲವನ್ನೂ ಹಾಗೆ ಒಟ್ಟಾಗಿ ಮುಚ್ಚಿಡುವಂತಿಲ್ಲವೆಂದು ರಾಜ್ಯದ ಮೇಲ್ಮನವಿ ನ್ಯಾಯಾಲಯ 2023ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಕರೆಯೊಂದಕ್ಕೆ ಹೊರಟ ಡ್ರೋನ್ ದಾರಿಯಲ್ಲಿ ನೂರಾರು ಮನೆಗಳ ಮೇಲೆ ಹಾದುಹೋಗುತ್ತದೆ. ದಾರಿಯಲ್ಲಿ ಕ್ಯಾಮೆರಾ ದಿಗಂತದ ಕಡೆ ಇರಬೇಕೇ, ಸ್ಥಳ ತಲುಪುವವರೆಗೆ ಚಿತ್ರೀಕರಣ ನಿಂತಿರಬೇಕೇ, ಪ್ರಕರಣಕ್ಕೆ ಬೇಡವಾದ ವಿಡಿಯೊವನ್ನು ಎಷ್ಟು ದಿನದಲ್ಲಿ ಅಳಿಸಬೇಕು, ಬೇರೆ ಇಲಾಖೆ ಅಥವಾ ಫೆಡರಲ್ ಸಂಸ್ಥೆ ಕೇಳಿದರೆ ಯಾವ ಆಧಾರದ ಮೇಲೆ ಕೊಡಬೇಕು, ಶಾಂತಿಯುತ ಪ್ರತಿಭಟನೆಯ ಮೇಲೆ ಹಾರಬಹುದೇ, ಮುಖ ಗುರುತಿಸುವ ತಂತ್ರಾಂಶವನ್ನು ಜೋಡಿಸಬಹುದೇ, ಇವೆಲ್ಲ ನೀತಿಯಲ್ಲಿ "ಸೂಕ್ತವೆನಿಸಿದಲ್ಲಿ" ಎಂಬಂಥ ಸಡಿಲ ಪದಗಳಿಲ್ಲದೆ ಬರೆದಿರಬೇಕು. ವಲಸೆಯ ಕಾಗದಗಳಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮ ಸಮುದಾಯದ ಕುಟುಂಬಗಳಿಗೆ, ಊರಿನ ಪೊಲೀಸರು ಸಂಗ್ರಹಿಸಿದ ದೃಶ್ಯಗಳು ಯಾರ ಕೈಗೆ ಹೋಗುತ್ತವೆಂಬುದು ಸಣ್ಣ ವಿಷಯವಲ್ಲ.

ಮಾರುವ ಕಂಪನಿಗಳ ಪಾತ್ರವನ್ನೂ ಗಮನಿಸಿ. ಅನುದಾನ ಹುಡುಕಿಕೊಡುವುದು, ಅರ್ಜಿ ಬರೆಯಲು ನೆರವಾಗುವುದು, ಇವನ್ನೆಲ್ಲ ಕೆಲವು ಕಂಪನಿಗಳು ಸೇವೆಯಾಗಿಯೇ ನೀಡುತ್ತವೆ. ಸಣ್ಣ ಇಲಾಖೆಗಳಿಗೆ ಅದು ಉಪಕಾರವೆನಿಸುವುದು ಸಹಜ. ಆದರೆ ಫೆಡರಲ್ ಖರೀದಿ ನಿಯಮದಂತೆ, ಟೆಂಡರಿನ ತಾಂತ್ರಿಕ ವಿವರಗಳನ್ನು ಬರೆದುಕೊಟ್ಟ ಕಂಪನಿಯು ಅದೇ ಟೆಂಡರಿನಲ್ಲಿ ಸ್ಪರ್ಧಿಸುವಂತಿಲ್ಲ. ಅರ್ಜಿಯಲ್ಲಿ ಬರೆದ ಅಗತ್ಯಗಳು ಒಂದೇ ಕಂಪನಿಯ ಮಾಹಿತಿಪತ್ರದ ಪಡಿಯಚ್ಚಿನಂತಿದ್ದರೆ, ಎಷ್ಟು ಕಂಪನಿಗಳಿಂದ ದರ ಪಡೆದಿದ್ದೀರಿ ಎಂದು ವಿನಯದಿಂದಲೇ ಕೇಳಿ.

ನನ್ನ ಅಭಿಪ್ರಾಯ ಕೇಳಿದರೆ, ಥರ್ಮಲ್ ಕ್ಯಾಮೆರಾ ಇರುವ ಒಂದೆರಡು ಡ್ರೋನ್‌ಗಳು ಯಾವುದೇ ಮಧ್ಯಮ ಗಾತ್ರದ ನಗರಕ್ಕೆ ಉಪಯುಕ್ತ. ಮರೆವಿನ ಕಾಯಿಲೆಯಿರುವ ಹಿರಿಯರೊಬ್ಬರು ಚಳಿಯ ರಾತ್ರಿ ಮನೆಯಿಂದ ಹೊರಟು ಗುಡ್ಡದ ಕಾಲುದಾರಿ ಹಿಡಿದರೆ, ಕತ್ತಲಲ್ಲಿ ಅವರ ಮೈಯ ಶಾಖವನ್ನು ಮೇಲಿನಿಂದ ಗುರುತಿಸುವ ಯಂತ್ರಕ್ಕೆ ಸಾಟಿಯಿಲ್ಲ. ಊರಿಂದ ಬಂದು ಮಕ್ಕಳ ಮನೆಯಲ್ಲಿ ಆರು ತಿಂಗಳಿರುವ, ಇಲ್ಲಿನ ಬೀದಿಗಳ ಗುರುತು ಹತ್ತದ ನಮ್ಮ ತಂದೆತಾಯಂದಿರನ್ನು ನೆನೆದಾಗ ನನಗೆ ಇದು ಬರಿಯ ವಾದವಾಗಿ ಕಾಣುವುದಿಲ್ಲ. ಹೆದ್ದಾರಿ ಅಪಘಾತದ ಅಳತೆಯನ್ನು ಬೇಗ ಮುಗಿಸಿ ರಸ್ತೆ ತೆರೆಯಲೂ ಅವು ನೆರವಾಗುತ್ತವೆ. ಇಷ್ಟಕ್ಕೆ ನಾನು ಒಪ್ಪಿಗೆ ಕೊಡುತ್ತೇನೆ. ಚಾವಣಿಗಳಿಂದ ತಾವಾಗಿ ಮೇಲೇಳುವ, ದಿನಕ್ಕೆ ಹತ್ತಾರು ಸಲ ಮನೆಗಳ ಮೇಲೆ ಹಾದುಹೋಗುವ ವ್ಯವಸ್ಥೆ ಬೇರೆಯೇ ಪ್ರಶ್ನೆ, ಅದನ್ನು ಮೊದಲನೆಯದರ ಹೆಸರಿನಲ್ಲಿ, ಒಂದೇ ಅನುದಾನದ ಸಾಲಿನಲ್ಲಿ ಒಳಗೆ ತರುವುದಕ್ಕೆ ನನ್ನ ವಿರೋಧವಿದೆ. ಮನೆಗಳ್ಳತನದ ವಿಷಯದಲ್ಲಿ ನಿಮ್ಮ ಪತ್ನಿಯವರಿಗೆ ಒಂದು ಮಾತು: ಕಳ್ಳತನ ನಡೆಯುತ್ತಿರುವಾಗಲೇ ಕರೆ ಹೋದರೆ ಡ್ರೋನಿನಿಂದ ಉಪಯೋಗವಾಗಬಹುದು, ಸಂಜೆ ಮನೆಗೆ ಬಂದು ಬಾಗಿಲು ಮುರಿದಿರುವುದನ್ನು ಕಂಡಾಗ ಅದರಿಂದ ಆಗುವುದು ಬಹಳ ಕಡಿಮೆ. ನಿಮ್ಮ ಬೀದಿಯ ಎರಡು ಪ್ರಕರಣಗಳು ಇವೆರಡರಲ್ಲಿ ಯಾವ ಬಗೆಯವು ಎಂದು ಅವರೇ ಹೇಳಬಲ್ಲರು.

ಕೊನೆಯದಾಗಿ ಕೆಲಸದ ಮಾತು. ಸಭೆಗೆ ಮೂರು ವಾರವಿರುವಾಗಲೇ ಸಿಟಿ ಕ್ಲರ್ಕ್ ಅವರಿಗೆ ಸಾರ್ವಜನಿಕ ದಾಖಲೆಗಳ ಕಾಯ್ದೆಯಡಿ ಪತ್ರ ಬರೆದು, ಪತ್ರಿಕಾ ಹೇಳಿಕೆ ಅಥವಾ ಸಾರಾಂಶದ ಬದಲು ಅನುದಾನದ ಮೂಲ ಅರ್ಜಿಯನ್ನೇ, ಅದರ ಆಯವ್ಯಯ ಕೋಷ್ಟಕದೊಂದಿಗೆ ಕೇಳಿ. ದಾಖಲೆ ಕೊಡಬಹುದೇ ಇಲ್ಲವೇ ಎಂಬುದನ್ನು ಅವರು ಸಾಮಾನ್ಯವಾಗಿ 10 ದಿನಗಳಲ್ಲಿ ತಿಳಿಸಬೇಕು. ಅರ್ಜಿ ಕೈಗೆ ಬಂದಾಗ ಅದರಲ್ಲಿನ ಉದ್ದೇಶವನ್ನೂ ಬಳಕೆಯ ನೀತಿಯಲ್ಲಿನ ಉದ್ದೇಶವನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಪ್ರತಿಯೊಂದು ಉಪಯೋಗದ ಕೆಳಗೂ ಗೆರೆ ಎಳೆಯಿರಿ. ಆ ಎರಡು ಹಾಳೆಗಳನ್ನು ಹಿಡಿದು ನೀವಿಬ್ಬರೂ ಜೊತೆಯಾಗಿಯೇ ಸಭೆಗೆ ಹೋಗಿ. ಡ್ರೋನ್ ಬೇಕೆನ್ನುವವರೂ ಅಳುಕುವವರೂ ಒಂದೇ ಮನೆಯಿಂದ ಬಂದು ಒಂದೇ ಪ್ರಶ್ನೆಯನ್ನು ಕೇಳಿದರೆ ಅದನ್ನು ಪಕ್ಷಪಾತವೆಂದು ಬದಿಗೊತ್ತುವುದು ಯಾವ ಸದಸ್ಯರಿಗೂ ಸುಲಭವಲ್ಲ.